ಹಳೇ ಜಿ29 ವೀಲಿಗೆ ಜೀವ ಬಂದ ಬಗೆ: ನನ್ನ ಅನುಭವ

ಹೋದ ಭಾನುವಾರ ಮೈಸೂರಿನ ಕುವೆಂಪುನಗರದಲ್ಲಿ ಗೆಳೆಯನ ಮನೆಯಲ್ಲಿ ಐದು ಜನ ಸೇರಿದ್ದೆವು. ಅಸೆಟ್ಟೊ ಕೋರ್ಸಾ ಅನ್ನೋ ಕಾರ್ ರೇಸಿಂಗ್ ಗೇಮು, ಅದರಲ್ಲಿ ಇಟಲಿಯ ಮುಜೆಲ್ಲೋ ಟ್ರ್ಯಾಕು, ಎಲ್ಲರಿಗೂ ಒಂದೇ ಗಾಡಿ ಬಿಎಂಡಬ್ಲ್ಯೂ ಎಂ3 ಇ30, ತಲಾ ಹತ್ತು ಲ್ಯಾಪು. ಗೇಮಿಗೆ ಜೋಡಿಸುವ ನನ್ನ ಸ್ಟೇರಿಂಗ್ ವೀಲು, ಪೆಡಲು ಎರಡನ್ನೂ ಮಂಡ್ಯದಿಂದ ಬ್ಯಾಗಿನಲ್ಲಿ ಹೊತ್ತುಕೊಂಡೇ ಹೋಗಿದ್ದೆ. ನನ್ನ ಅತಿ ವೇಗದ ಲ್ಯಾಪಿಗೂ ಅತಿ ನಿಧಾನದ ಲ್ಯಾಪಿಗೂ ಇದ್ದ ಅಂತರ ಮುಕ್ಕಾಲು ಸೆಕೆಂಡು. ಡೈರೆಕ್ಟ್ ಡ್ರೈವ್ (ಹಲ್ಲುಚಕ್ರವಿಲ್ಲದೆ ಮೋಟಾರಿಗೇ ನೇರ ಕೂರಿಸಿದ ವೀಲು) ಇಟ್ಟುಕೊಂಡವನದು ಎರಡು ಸೆಕೆಂಡಿನ ಹತ್ತಿರ. "ಹಲ್ಲುಚಕ್ರದ ವೀಲಲ್ಲಿ ಫೀಲ್ ಎಲ್ಲಿಂದ ಬರುತ್ತೆ ಮಗಾ, ಮಾರಿಬಿಡು, ಅರವತ್ತು ಸಾವಿರ ಸೇರಿಸ್ಕೊ" ಅಂತ ಒಂದೂವರೆ ವರ್ಷದಿಂದ ಹೇಳಿಕೊಂಡು ಬಂದವನೂ ಅವನೇ. ಎಲ್ಲ ಮುಗಿದ ಮೇಲೆ ನನ್ನ ವೀಲಿನಲ್ಲಿ ನಾಲ್ಕು ಲ್ಯಾಪು ಓಡಿಸಿದ. ಎದ್ದವನೇ ಕೇಳಿದ್ದು, "ಆ ಫೈಲು ಕೊಡು ಗುರು."

ಅವನು ಕೇಳಿದ್ದು ನನ್ನ ವೀಲಿನ ಬಲ ಹೊಂದಿಸುವ ಫೈಲು. ಕೊಡಲಿಲ್ಲ. ಕೊಟ್ಟಿದ್ದರೂ ಅವನಿಗೆ ಉಪಯೋಗವಿರಲಿಲ್ಲ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ನಾನು ಪಟ್ಟ ಪಾಡು ಇದೇ ವೀಲಿರುವ ಇನ್ನೊಬ್ಬರಿಗೆ ಬೇಡ ಅನ್ನಿಸಿ ಬರೆಯಲು ಕೂತೆ.

ವೀಲು ಸೆಕೆಂಡ್ ಹ್ಯಾಂಡ್ ಲಾಜಿಟೆಕ್ ಜಿ29. ಬೆಂಗಳೂರಿನ ಹುಡುಗನೊಬ್ಬನಿಂದ 13,500ಕ್ಕೆ ತಂದೆ. ಅಡಾಪ್ಟರ್ ಕಳೆದುಹೋಗಿದೆ ಅಂತ 500 ಇಳಿಸಿದ್ದ. ಆ 500 ಉಳಿಸಿದ ಖುಷಿಯೇ ಮುಳುವಾಯಿತು. 24 ವೋಲ್ಟಿನದು ಅಂತ ಹೇಳಿ ಅಂಗಡಿಯಲ್ಲಿ 450ಕ್ಕೆ ಒಂದು ಅಡಾಪ್ಟರ್ ತಂದೆ. ವೋಲ್ಟೇಜ್ ಸರಿಯಾಗೇ ಇತ್ತು, ಆಂಪಿಯರ್ ಸಾಲುತ್ತಿರಲಿಲ್ಲ. ತಿರುವಿನಲ್ಲಿ ಮೋಟಾರು ಜೋರಾಗಿ ಎಳೆದ ಕೂಡಲೇ ವೀಲು ಸತ್ತುಹೋಗೋದು, ಆಮೇಲೆ ತಾನಾಗಿ ಎಡಕ್ಕೂ ಬಲಕ್ಕೂ ಗಿರ್ರನೆ ತಿರುಗಿ ಕ್ಯಾಲಿಬ್ರೇಟ್ ಆಗೋದು. ಸೆಟ್ಟಿಂಗಿನ ತಪ್ಪೇ ಇರಬೇಕು ಅಂತ ಹದಿನೈದು ದಿನ ಸಾಫ್ಟ್‌ವೇರ್ ಹಾಕೋದು, ತೆಗೆಯೋದು ಮಾಡಿದೆ. ಕೊನೆಗೆ 1,100 ಕೊಟ್ಟು ಸರಿಯಾದ ಅಡಾಪ್ಟರ್ ತಂದ ದಿನವೇ ಆ ಕಾಟ ನಿಂತಿತು. ವೀಲು ಕೊಳ್ಳುವವರು ಮೊದಲು ಅಡಾಪ್ಟರ್ ನೋಡಿ.

ಆಮೇಲೆ ಶುರುವಾಗಿದ್ದು ನಿಜವಾದ ತಪ್ಪು. ವೀಲಿನ ಮೋಟಾರು ಕೈಗೆ ಕೊಡುವ ಬಲ ಜಾಸ್ತಿ ಇದ್ದಷ್ಟೂ ನಿಜದ ಗಾಡಿಯ ಹಾಗಿರುತ್ತೆ ಅಂತ ನಾನು ನಂಬಿದ್ದೆ. ಗೇಮಿನಲ್ಲಿ ಗೇನ್ (ಒಟ್ಟು ಬಲ) 100, ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬು) ಎಫೆಕ್ಟ್, ರೋಡ್ ಎಫೆಕ್ಟ್, ಸ್ಲಿಪ್ ಎಫೆಕ್ಟ್ ಎಲ್ಲ ಏರಿಸಿ, ಇ30ಗೆ ಅಂತ ನಂಬರ್ ಪ್ಯಾಡಿನ ಪ್ಲಸ್ ಕೀ ಒತ್ತಿ ಒತ್ತಿ ಇನ್ನೂ ಮೇಲಕ್ಕೆ ಹಾಕಿದ್ದೆ. ತಿರುವಿನಲ್ಲಿ ವೀಲು ಕಲ್ಲಾಗೋದು. ಅರ್ಧ ಗಂಟೆಗೆ ಮಣಿಕಟ್ಟು ನೋವು. ಆದರೂ ಮುಂದಿನ ಟೈರು ಯಾವಾಗ ಜಾರಿತು ಅನ್ನೋದು ಕೈಗೆ ಗೊತ್ತೇ ಆಗುತ್ತಿರಲಿಲ್ಲ. ಕಿರಿಚುವ ಸದ್ದು ಕೇಳಿ ಗೊತ್ತಾಗೋದು, ಅಷ್ಟು ಹೊತ್ತಿಗೆ ಗಾಡಿ ಜಲ್ಲಿಯಲ್ಲಿರುತ್ತಿತ್ತು.

ಈ ಗಂಟು ಬಿಡಿಸಿದ್ದು ಯಾವ ವಿಡಿಯೊನೂ ಅಲ್ಲ, ನಮ್ಮ ಸೋದರಮಾವ. ಅವರು ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆಯುವವರು. ಒಂದು ಸಂಜೆ ಮನೆಗೆ ಬಂದಿದ್ದಾಗ ಕೂತು ನೋಡಿ ಅಂತ ಕೂರಿಸಿದೆ. ಎರಡು ತಿರುವು ತಿರುಗಿಸಿ ಕೈ ಬಿಟ್ಟರು. "ಏನ್ಲಾ ಇದು, ಯಾವಾಗ್ಲೂ ಒಂದೇ ಸಮ ಬಿಗಿ. ಕಬ್ಬಿನ ಲೋಡ್ ಹಾಕ್ಕಂಡು ಏರಿ ಹತ್ತುವಾಗ ಮುಂದ್ಗಡೆ ಗಾಲಿ ತೇಲುತ್ತೆ ನೋಡು, ಆಗ ಸ್ಟೇರಿಂಗು ಹತ್ತಿ ಹಿಡ್ದಂಗೆ ಹಗುರ ಆಯ್ತದೆ. ಅದ ತಿಳ್ಕಂಡೇ ನಾವು ಆಕ್ಸಿಲೇಟ್ರು ಬುಡೋದು. ಇದ್ರಲ್ಲಿ ಆ ಸುಳಿವೇ ಇಲ್ವಲ್ಲ?"

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಹುಡುಕುತ್ತಿದ್ದುದೆಲ್ಲ ಭಾರ, ಸುದ್ದಿ ಇದ್ದದ್ದು ಹಗುರದಲ್ಲಿ. ಎದ್ದು ಪಿಸಿ ಹಾಕಿ, ಪೆಡಲು ಮತ್ತು ಫೋರ್ಸ್ ತೋರಿಸುವ ಆ್ಯಪನ್ನು ಪರದೆಯ ಮೂಲೆಗೆ ಎಳೆದೆ. ಮುಜೆಲ್ಲೋದ ಅರಾಬ್ಬಿಯಾಟ ಜೋಡಿ ತಿರುವು, ಏರುವ ದಾರಿಯಲ್ಲಿ ಎರಡೂ ಬಲಕ್ಕೆ. ಅಲ್ಲಿಗೆ ಬಂದರೆ ಆ್ಯಪಿನ ಫೋರ್ಸ್ ಪಟ್ಟಿ ಶುರುವಿಂದ ಕೊನೆವರೆಗೂ ಕೆಂಪು. ಅಂದರೆ ಪೂರಾ ಕ್ಲಿಪ್ಪಿಂಗ್. ಈ ವೀಲು ಕೊಡಬಲ್ಲದ್ದು ಎರಡು ನ್ಯೂಟನ್ ಮೀಟರಿನ ಆಸುಪಾಸು. ಗೇಮು ಅದಕ್ಕಿಂತ ಜಾಸ್ತಿ ಕೇಳಿದರೆ ವೀಲು ತನ್ನ ತುದಿಯಲ್ಲೇ ನಿಂತುಬಿಡುತ್ತೆ. ಟೈರು ಹಿಡಿತ ಬಿಟ್ಟು ಬಲ ಇಳಿದರೂ ಆ ಇಳಿತ ತುದಿಯ ಮೇಲೆಯೇ ನಡೆದುಹೋಗುತ್ತೆ, ಕೈಗೆ ಬರೋದೇ ಇಲ್ಲ.

ಮೈನಸ್ ಕೀ ಒತ್ತುತ್ತಾ ಬಂದೆ. ಇ30ಗೆ 68ರ ಹತ್ತಿರ ಬಂದಾಗ ಕೆಂಪು ಬರೀ ಕರ್ಬ್ ಹತ್ತಿದಾಗ, ಇಳಿಜಾರಿನ ತಳದಲ್ಲಿ ಮಾತ್ರ ಮಿಂಚಿ ಹೋಗುವಂತಾಯಿತು. ಅರಾಬ್ಬಿಯಾಟದಲ್ಲಿ ಬೇಕಂತಲೇ ಸ್ವಲ್ಪ ಜಾಸ್ತಿ ತಿರುಗಿಸಿದೆ. ಕೈಯೊಳಗೆ ತುಂಬಿಕೊಂಡಿದ್ದ ಭಾರ ಒಂದು ಕ್ಷಣ ಸೋರಿದ ಹಾಗಾಯಿತು, ಬಾವಿಯಿಂದ ಎಳೆಯುವಾಗ ಕೊಡದ ಹಗ್ಗ ಸಡಿಲವಾಗುತ್ತಲ್ಲ, ಹಾಗೆ. ಟೈರು ಕಿರುಚಿದ್ದು ಅದಾದ ಮೇಲೆ. ಮೊದಲ ಸಲ ಕಿವಿಗಿಂತ ಮುಂಚೆ ಕೈಗೆ ಗೊತ್ತಾಯಿತು.

ಆದರೆ ಒಂದು ಕಡೆ ಸರಿಪಡಿಸಿದರೆ ಇನ್ನೊಂದು ಕಡೆ ಹರಿಯಿತು. ಗೇನ್ ಇಳಿಸಿದ ಮೇಲೆ ನೇರ ದಾರಿಯಲ್ಲಿ ವೀಲು ಸತ್ತ ಹಾಗಾಯಿತು. ಹಲ್ಲುಚಕ್ರದ ವೀಲು ಯಾವುದೇ ಆಗಲಿ, ಚಿಕ್ಕ ಬಲಗಳು ಚಕ್ರಗಳ ತಿಕ್ಕಾಟದಲ್ಲೇ ಮುಗಿದುಹೋಗುತ್ತವೆ. ಚಿಕ್ಕ ಬಲಗಳನ್ನು ಎತ್ತಿ ಕೊಡುವ ಮಿನಿಮಮ್ ಫೋರ್ಸ್ ಸೆಟ್ಟಿಂಗನ್ನು 18 ಹಾಕಿದರೆ ಜೀವ ಬರುತ್ತೆ, ಜೊತೆಗೆ ನಡುವಿನಲ್ಲಿ ಕಟಕಟ ಅನ್ನುತ್ತೆ. ಇದಕ್ಕೆ ನಾನು ಹಿಡಿದ ದಾರಿ ಎಲ್‌ಯುಟಿ (ಲುಕಪ್ ಟೇಬಲ್), ಅಂದರೆ ಗೇಮು ಕೇಳಿದ ಬಲಕ್ಕೆ ವೀಲು ನಿಜಕ್ಕೂ ಎಷ್ಟು ಕೊಡುತ್ತೆ ಅಂತ ಅಳೆದು ಆ ಕೊರತೆ ತುಂಬುವ ಅಂಕಿಗಳ ಫೈಲು. ವೀಲ್‌ಚೆಕ್ ಅನ್ನೋ ಅಳೆಯುವ ಪ್ರೋಗ್ರಾಮಿನಲ್ಲಿ ಟೆಸ್ಟ್ ಓಡಿಸಿ, ಲಾಗನ್ನು ಎಲ್‌ಯುಟಿ ಜನರೇಟರಿಗೆ ಕೊಟ್ಟು, ಬಂದ ಫೈಲನ್ನು ಗೇಮಿನ ಸಿಎಫ್‌ಜಿ ಫೋಲ್ಡರಿಗೆ ಹಾಕಿ, ಪೋಸ್ಟ್ ಪ್ರೋಸೆಸ್ ಫೈಲಿನಲ್ಲಿ ಆನ್ ಮಾಡೋದು. ಓದಲು ಹತ್ತು ನಿಮಿಷದ ಕೆಲಸ. ನನಗೆ ಎರಡು ತಿಂಗಳು ಹಿಡಿಯಿತು.

ಮೊದಲ ಫೈಲು ಹಾಕಿದ ದಿನ ನೇರ ದಾರಿಯಲ್ಲಿ ಕೈ ಬಿಟ್ಟರೆ ವೀಲು ದೆವ್ವ ಹಿಡಿದ ಹಾಗೆ ಎಡಬಲ ಒದ್ದಾಡಿತು. ಎಲ್‌ಯುಟಿ ಹಾಕಿದ ಮೇಲೆ ಮಿನಿಮಮ್ ಫೋರ್ಸ್ ಸೊನ್ನೆ ಮಾಡಬೇಕು. ಹಳೇ 18 ಹಾಗೇ ಉಳಿದಿತ್ತು, ಎರಡೂ ಸೇರಿ ಚಿಕ್ಕ ಬಲವನ್ನು ಎರಡೆರಡು ಸಲ ಎತ್ತುತ್ತಿದ್ದವು. ಎರಡನೇ ಫೈಲು ಇನ್ನೊಂದು ರೀತಿ ಕೆಟ್ಟಿತು. ಟೆಸ್ಟ್ ಮಾಡುವಾಗ ಡ್ರೈವರಿನಲ್ಲಿ ಬಲ 60ಕ್ಕಿತ್ತು, ಓಡಿಸುವಾಗ 100. ಅಳೆದ ವೀಲೇ ಬೇರೆ, ಓಡಿಸಿದ ವೀಲೇ ಬೇರೆ ಅಂದ ಹಾಗಾಯಿತು. ಮೂರನೆಯದರ ತಪ್ಪು ಹಿಡಿಯೋದಕ್ಕೇ ಜಾಸ್ತಿ ದಿನ ಬೇಕಾಯಿತು. ಬೆಳಿಗ್ಗೆ ವೀಲು ತಣ್ಣಗಿದ್ದಾಗ ಟೆಸ್ಟ್ ಮಾಡಿದ್ದೆ. ಮಂಡ್ಯದ ಏಪ್ರಿಲ್ ತಿಂಗಳು, ಶೀಟ್ ಹಾಕಿದ ಮಹಡಿ ರೂಮು. ಮಧ್ಯಾಹ್ನ ಅರ್ಧ ಗಂಟೆ ಓಡಿಸುವಷ್ಟರಲ್ಲಿ ಮೋಟಾರು ಬಿಸಿಯಾಗಿ, ಬೆಳಗಿನ ಫೀಲ್ ಹೋಗಿಬಿಡುತ್ತಿತ್ತು. ಈಗ ಮೊದಲು ಇಪ್ಪತ್ತು ನಿಮಿಷ ಓಡಿಸಿ, ವೀಲು ಬಿಸಿಯಾದ ಮೇಲೆ ಐದು ಸಲ ಟೆಸ್ಟ್ ಮಾಡಿ, ಎದ್ದು ಕಾಣುವಷ್ಟು ಬೇರೆ ಬಂದ ಲಾಗುಗಳನ್ನು ಬಿಟ್ಟು ಉಳಿದವುಗಳಿಂದ ಮಾಡುತ್ತೇನೆ. ನನ್ನ ಫೈಲು ಬೇರೆಯವರಿಗೆ ಆಗಿಬರುವುದಿಲ್ಲ ಅಂದದ್ದು ಇದಕ್ಕೇ. ಒಂದೊಂದು ವೀಲಿನ ಸವೆತವೂ ಒಂದೊಂದು ಥರ.

ಜನರೇಟರ್ ಕೊಟ್ಟ ಫೈಲನ್ನು ನಾನು ಹಾಗೇ ಬಳಸುವುದಿಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದು ಮೊದಲ ನಾಲ್ಕೈದು ಸಾಲಿನಲ್ಲಿ ಕೈಯಾರೆ ಒಂದು ಕೆಲಸ ಮಾಡುತ್ತೇನೆ. ಕಟಕಟ ಪೂರ್ತಿ ಹೋದದ್ದು ಅದರಿಂದಲೇ. ಆ ಸಾಲುಗಳು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಆರು ತಿಂಗಳ ರಾತ್ರಿಗಳ ದುಡಿಮೆ ಅದು.

ಉಳಿದದ್ದು ಚಿಕ್ಕಪುಟ್ಟ. ಲಾಜಿಟೆಕ್ಕಿನ ಸಾಫ್ಟ್‌ವೇರ್ ಜಿ ಹಬ್ಬಿನಲ್ಲಿ ಸೆಂಟರಿಂಗ್ ಸ್ಪ್ರಿಂಗ್ ಆಫ್, ಸೆನ್ಸಿಟಿವಿಟಿ 50, ವೀಲು ತಿರುಗುವ ಕೋನ 900. ಗೇಮಿನಲ್ಲೂ 900. ಬೇಗ ತಿರುಗಲಿ ಅಂತ ಒಂದು ಕಡೆ 540, ಇನ್ನೊಂದು ಕಡೆ 900 ಇಟ್ಟು ಒಂದು ತಿಂಗಳು ಓಡಿಸಿದ್ದೆ, ನನ್ನ ಕೈ ಒಂದು ಕೋನದಲ್ಲಿ, ಪರದೆಯ ಕೈ ಇನ್ನೊಂದು ಕೋನದಲ್ಲಿ. ಗಾಡಿಯ ಹಿಂಭಾಗ ಜಾರಿದಾಗ ಎದುರು ತಿರುಗಿಸಿ ಕೌಂಟರ್ ಕೊಡುವಾಗ ಎಷ್ಟು ತಿರುಗಿಸಬೇಕು ಅನ್ನೋದು ಮೈಗೆ ಹತ್ತಲೇ ಇಲ್ಲ. ಎರಡೂ ಒಂದೇ ಆದ ವಾರದಲ್ಲಿ ಹತ್ತಿತು.

ಬ್ರೇಕಿನ ಕಥೆ ಬೇರೆಯೇ. ಈ ಪೆಡಲು ಅಳೆಯೋದು ಕಾಲಿನ ಬಲವನ್ನಲ್ಲ, ಪೆಡಲು ಇಳಿದ ದೂರವನ್ನು. ಮುಜೆಲ್ಲೋದ ಮೊದಲ ತಿರುವು ಸ್ಯಾನ್ ಡೊನಾಟೊದಲ್ಲಿ, ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿ ಮುಗಿದು ಬ್ರೇಕ್ ಹೊಡೆದಾಗ ಪ್ರತಿ ಸಲವೂ ಚಕ್ರ ಲಾಕ್ ಆಗುತ್ತಿತ್ತು. ಪೆಡಲಿನೊಳಗೆ ಮೊದಲಿಂದ ಇದ್ದ ರಬ್ಬರ್ ತುಂಡು ತೆಗೆದು, ನಮ್ಮ ಬೀದಿಯ ಬೈಕ್ ಮೆಕ್ಯಾನಿಕ್ ಹತ್ತಿರ ಶಾಕ್ ಅಬ್ಸಾರ್ಬರಿನ ಹಳೇ ಬುಶ್ ಕೇಳಿದೆ. ಇಪ್ಪತ್ತು ರೂಪಾಯಿಗೆ ಮೂರು ಕೊಟ್ಟ. ಮೊದಲನೆಯದು ಎಷ್ಟು ಗಟ್ಟಿ ಅಂದರೆ ಪೆಡಲು ಅರ್ಧಕ್ಕೇ ನಿಂತಿತು. ಎರಡನೆಯದನ್ನು ಆ್ಯಕ್ಸಾ ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು, ಚಪ್ಪಟೆ ಬದಿ ಕೆಳಗೆ ಮಾಡಿ ಹಾಕಿದೆ. ಈಗ ಮೊದಲರ್ಧ ಮೆತ್ತಗೆ, ಆಮೇಲೆ ಗಟ್ಟಿ. ಬ್ರೇಕ್ ಗಾಮಾ (ಪೆಡಲು ಇಳಿದಷ್ಟಕ್ಕೆ ಎಷ್ಟು ಬ್ರೇಕ್ ಅನ್ನೋ ಸೆಟ್ಟಿಂಗು) ಎಷ್ಟಿಟ್ಟಿದ್ದೇನೆ ಅಂತ ಹೇಳಲಾರೆ, ಅದು ನಿಮ್ಮ ಬುಶ್ಶನ್ನೇ ನೋಡಿ ಹಾಕಬೇಕಾದ್ದು. ಪೆಡಲು ಜಾರದ ಹಾಗೆ ಹಿಂದೆ ಒಂದು ಭತ್ತದ ಮೂಟೆ. ಅದಕ್ಕಿಂತ ಒಳ್ಳೆ ಆಧಾರ ದುಡ್ಡು ಕೊಟ್ಟರೂ ಸಿಗಲ್ಲ. ಪೆಡಲು ಇಳಿದ ದೂರ ಅಳೆಯುವ ಒಳಗಿನ ಪೊಟೆನ್ಷಿಯೊಮೀಟರಿನಲ್ಲಿ ಧೂಳು ಕೂತು ರೀಡಿಂಗ್ ಎಗರುತ್ತಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದ ಮೇಲೆ ನಿಂತಿತು.

ನಡುವೆ ಬೇಡದ ಪ್ರಯೋಗಗಳೂ ಆದವು. ಗುಜರಿಯಲ್ಲಿ 1,200ಕ್ಕೆ ಸಿಕ್ಕ ಮಾರುತಿ 800ರ ಸೀಟಿಗೆ ಹಳೇ ಕಾರ್ ಸ್ಪೀಕರ್ ಬಿಗಿದು, ಸಿಮ್‌ಹಬ್ ಅನ್ನೋ ಸಾಫ್ಟ್‌ವೇರಿನಿಂದ ಇಂಜಿನ್ ನಡುಕ ಕಳಿಸಿದೆ. ಆಂಪ್ಲಿಫೈಯರ್ ಸೇರಿ ಮೂರು ಸಾವಿರ ಹೋಯಿತು. ಆ ನಡುಕದಲ್ಲಿ ವೀಲಿನ ಸಣ್ಣ ಸುದ್ದಿಯೆಲ್ಲ ಮುಳುಗಿಹೋಗುತ್ತಿತ್ತು. ಕೆಳಗಡೆ ಅಡುಗೆ ಮನೆಯಲ್ಲಿ ಪಾತ್ರೆ ಅದುರುತ್ತೆ ಅಂತ ಅಮ್ಮನೂ ಹೇಳಿದರು, ತೆಗೆದೆ. ಫಲ ಕೊಟ್ಟದ್ದು ಎಫ್‌ಒವಿ, ಅಂದರೆ ಪರದೆಯಲ್ಲಿ ಮೇಲಿಂದ ಕೆಳಕ್ಕೆ ಕಾಣುವ ನೋಟದ ಕೋನ. 24 ಇಂಚಿನ ಮಾನಿಟರ್ ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ ಲೆಕ್ಕಕ್ಕೆ ಬರೋದು 28 ಡಿಗ್ರಿ. ಮೊದಲ ದಿನ ಕೊಳವೆಯಲ್ಲಿ ನೋಡಿದ ಹಾಗಿತ್ತು. ಒಂದು ವಾರ ಹಲ್ಲು ಕಚ್ಚಿ ಓಡಿಸಿದೆ. ಆಮೇಲೆ ಬ್ರೇಕ್ ಹಾಕುವ ಜಾಗ ತಾನಾಗೇ ಸರಿಹೋಯಿತು.

ಒಟ್ಟು ಖರ್ಚು ನೆನಪಿನಿಂದ ಹೇಳೋದಾದರೆ ಸ್ಪೀಕರಿನ ದಂಡ ಸೇರಿ ಇಪ್ಪತ್ತು ಸಾವಿರದ ಆಸುಪಾಸು.

ಈ ಸಲ ಕಬ್ಬು ಕಡಿಯೋದು ಮುಗಿದ ಮೇಲೆ ಮಾವ ಮತ್ತೆ ಬಂದಿದ್ದರು. ನಾನು ಏನೂ ಹೇಳಲಿಲ್ಲ, ಸುಮ್ಮನೆ ಕೂರಿಸಿದೆ. ಅರಾಬ್ಬಿಯಾಟದಲ್ಲಿ ತಾವಾಗೇ ಆಕ್ಸಿಲರೇಟರ್ ಬಿಟ್ಟರು. "ತೇಲ್ತು ಕಣ್ಲಾ" ಅಂದರು. ಇನ್ನೊಂದು ಲ್ಯಾಪು ಹೋಗಿ ಅದೇ ಜಾಗದಲ್ಲಿ ಮತ್ತೆ ಬಿಟ್ಟರು.

ಈಗ ಮೇಜಿನ ಮೇಲೆ ಹಳೇ ತೂಕದ ಯಂತ್ರದಿಂದ ಬಿಚ್ಚಿದ ಲೋಡ್ ಸೆಲ್ಲೊಂದು ಕೂತಿದೆ, ಬ್ರೇಕಿಗೆ ದೂರದ ಬದಲು ಕಾಲಿನ ಬಲವನ್ನೇ ಅಳೆಯಲು, ಜೊತೆಗೆ ಅದರ ರೀಡಿಂಗ್ ಓದುವ ಎಚ್‌ಎಕ್ಸ್711 ಬೋರ್ಡು. ಬೋರ್ಡು ಬರೋದು ಸೆಕೆಂಡಿಗೆ 10 ರೀಡಿಂಗಿನಲ್ಲಿ, ಬ್ರೇಕಿಗೆ ಅದು ಏನೇನೂ ಸಾಲದು. ರೇಟ್ ಪಿನ್ನು ಬಿಡಿಸಿ 80ಕ್ಕೆ ಏರಿಸಬೇಕು. ನಿನ್ನೆ ಬೆಸುಗೆ ಹಾಕುವಾಗ ಆ ಪಿನ್ನು ಪಕ್ಕದ್ದಕ್ಕೆ ಅಂಟಿಕೊಂಡಿತು. ಇನ್ನೊಂದು ಬೋರ್ಡಿಗೆ ಹೇಳಿದ್ದೇನೆ, ಗುರುವಾರ ಬರುತ್ತೆ.