ಹಳೆ ಫ್ಲಾಪಿಯಿಂದ ಕಾದಂಬರಿಯ ಹಸ್ತಪ್ರತಿ ಹೊರತೆಗೆದದ್ದು

2001ರಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಾದಂಬರಿ, 1.44 ಎಂಬಿ ಫ್ಲಾಪಿಯಲ್ಲಿತ್ತು. ಯುಎಸ್‌ಬಿ ಫ್ಲಾಪಿ ಡ್ರೈವ್‌ಗೆ ಹಾಕಿದರೆ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತಿತ್ತು. ಒಪ್ಪಬೇಡಿ.

ಬೇರೆ ಕಂಪ್ಯೂಟರ್, ಬೇರೆ ಕೇಬಲ್, ವಿಂಡೋಸ್‌ನ ಡಿಸ್ಕ್ ತಪಾಸಣೆ ಸಾಧನ ಚೆಕ್‌ಡಿಸ್ಕ್ ಯಾವುದೂ ಫಲಿಸಲಿಲ್ಲ. ಚೆಕ್‌ಡಿಸ್ಕ್ ಮಾಡಲೇಬಾರದಿತ್ತು, ದೋಷ ಸರಿಪಡಿಸಲು ಹೇಳಿದರೆ ಅದು ಫ್ಲಾಪಿಯ ಮೇಲೇ ಬರೆಯುತ್ತದೆ.

ಕೊನೆಗೆ ಕೆಲಸ ಮಾಡಿದ್ದು ಲಿನಕ್ಸ್‌ನ ಡಿಡಿರೆಸ್ಕ್ಯೂ, ಹಾಳಾದ ಡಿಸ್ಕಿನಿಂದ ದತ್ತಾಂಶ ಓದಿ ತೆಗೆಯುವ ತಂತ್ರಾಂಶ. ಮೊದಲು ಫ್ಲಾಪಿಯ ಮೂಲೆಯ ಪುಟ್ಟ ಗುಂಡಿ ಸರಿಸಿ, ತೂತು ಕಾಣುವಂತೆ ಮಾಡಿ. ಆಗ ಅದರ ಮೇಲೆ ಏನೂ ಬರೆಯಲಾಗದು. ನಂತರ ಇಡೀ ಫ್ಲಾಪಿಯನ್ನು ಒಂದೇ ಇಮೇಜ್ ಕಡತವಾಗಿ, ಅಂದರೆ ಇದ್ದದ್ದು ಇದ್ದಂತೆ ಪೂರ್ತಿ ನಕಲಾಗಿ, ಓದಿಸಿ. ಡಿಡಿರೆಸ್ಕ್ಯೂನಲ್ಲಿ ನೇರ ಓದು (-d) ಆನ್, ಮರುಯತ್ನ 3 (-r3), ಯಾವ ಜಾಗ ಓದಿತು, ಯಾವುದು ಉಳಿಯಿತು ಎಂದು ಬರೆದಿಡುವ ಮ್ಯಾಪ್ ಕಡತ ಕಡ್ಡಾಯ. ಓದಲಾಗದ ಜಾಗಗಳು ಮ್ಯಾಪ್‌ನಲ್ಲಿ ಉಳಿಯುತ್ತವೆ. ಅದೇ ಮ್ಯಾಪ್ ಕೊಟ್ಟು ಇನ್ನೊಂದು ಡ್ರೈವ್‌ನಲ್ಲಿ ಓಡಿಸಿದೆ, ಉಳಿದ ಜಾಗಗಳೂ ಬಂದವು! ಇಮೇಜ್ ಸರಿಯಾಗಿ 14,74,560 ಬೈಟ್ ಇರಬೇಕು. ಅದನ್ನು ‘ಓದಲು ಮಾತ್ರ’ ಎಂದು ಮೌಂಟ್ ಮಾಡಿ, ಅಂದರೆ ಡಿಸ್ಕಿನಂತೆ ತೆರೆದು, ಕಾದಂಬರಿಯ ಕಡತ ನಕಲಿಸಿ.

ತೆರೆದರೆ ಬರೀ ಇಂಗ್ಲಿಷ್ ಚಿಹ್ನೆಗಳು ಕಂಡವು, ಅದು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡ ತೋರಿಸುವ ಹಳೆ ಆಸ್ಕಿ ಫಾಂಟ್. ನುಡಿಯ ಪರಿವರ್ತಕದಲ್ಲಿ ಯೂನಿಕೋಡ್ ಮಾಡಿದೆ. ಅರ್ಕಾವತ್ತು, ಒತ್ತಕ್ಷರಗಳನ್ನು ಮಾತ್ರ ಕಣ್ಣಾರೆ ನೋಡಿ. ಈಗ ಪೆನ್‌ಡ್ರೈವ್‌ನಲ್ಲೊಂದು, ಮಗಳ ಮನೆಯ ಹಾರ್ಡ್‌ಡಿಸ್ಕ್‌ನಲ್ಲೊಂದು ಪ್ರತಿ ಇದೆ, ಜೊತೆಗೆ ಮೂಲ ಇಮೇಜ್ ಕೂಡ.