ನನ್ನ ಹಳೇ ರೇವಾ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದ್ದು

ಎಲೆಕ್ಟ್ರಿಕ್ ಕಾರಿನ ಮೇಲೆ ಸೋಲಾರ್ ಹಾಕಿದರೆ ಪುಕ್ಕಟೆ ಓಡುತ್ತೆ ಅಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಹಾಗೇನೂ ಓಡುವುದಿಲ್ಲ. ನನ್ನ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ ಮೇಲೆ 200 ವ್ಯಾಟ್ ಪ್ಯಾನೆಲ್ ಇದೆ. ಒಳ್ಳೆ ಬಿಸಿಲಿದ್ದ ದಿನ ಐದಾರು ಕಿಲೋಮೀಟರಿಗೆ ಆಗುವಷ್ಟು ಕರೆಂಟ್ ಬರುತ್ತದೆ, ಅಷ್ಟೇ. ಆದರೆ ನಾನು ಹಾಕಿಸಿದ್ದು ಕಿಲೋಮೀಟರ್ ಆಸೆಗಲ್ಲ, ಬ್ಯಾಟರಿ ಉಳಿಸಿಕೊಳ್ಳಲು.

ರೇವಾ 2001ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿದ ಕಾರು. ಮುಂದಿನ ಸೀಟಿನ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿ, ಒಟ್ಟು 48 ವೋಲ್ಟ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೇ ಶಕ್ತಿ ಬರುವುದಿಲ್ಲ. ನನ್ನ ಕಾರು ದಿನವೆಲ್ಲಾ ಬಯಲಲ್ಲಿ ನಿಲ್ಲುತ್ತದೆ, ಅಲ್ಲಿ ಪ್ಲಗ್ ಇಲ್ಲ. ಬಿಸಿಲು ಮಾತ್ರ ಧಾರಾಳ.

ಬಾಡಿ ಎಬಿಎಸ್ ಪ್ಲಾಸ್ಟಿಕ್, ಮ್ಯಾಗ್ನೆಟ್ ಹಿಡಿಯುವುದಿಲ್ಲ. ಟಾಪಿಗೆ ತೂತು ಕೊರೆಯಲು ನನಗೆ ಇಷ್ಟವಿರಲಿಲ್ಲ. 100 ವ್ಯಾಟಿನ ಎರಡು ಬಾಗುವ ಪ್ಯಾನೆಲ್ ತಂದೆ. ಟಾಪಿಗೆ ನೇರವಾಗಿ ಅಂಟಿಸಲಿಲ್ಲ. ಗಾಳಿ ಆಡದಿದ್ದರೆ ಮಧ್ಯಾಹ್ನ ಪ್ಯಾನೆಲ್ ಕಾದ ಕಾವಲಿಯಾಗುತ್ತದೆ. ಪ್ರತಿ ಡಿಗ್ರಿ ಬಿಸಿ ಏರಿದಂತೆ ಸುಮಾರು 0.4% ಪವರ್ ಕಮ್ಮಿ. ಅದಕ್ಕೇ ಕೆಳಗೆ ಟೊಳ್ಳು ಪದರದ ಪಾಲಿಕಾರ್ಬೊನೇಟ್ ಶೀಟ್ ಕೊಟ್ಟೆ, ಶೆಡ್ಡಿನ ಮೇಲೆ ಹಾಕುತ್ತಾರಲ್ಲ, ಅದೇ. ಅದರ ಸಾಲುಗಳು ಮುಂದಿನಿಂದ ಹಿಂದಕ್ಕೆ ಬರುವ ಹಾಗೆ ಕೂರಿಸಿ, ಎರಡೂ ತುದಿ ತೆರೆದೇ ಬಿಟ್ಟೆ. ಅಂಟಿಗೆ ಬಸ್ ಬಾಡಿ ಕಟ್ಟುವವರು ಬಳಸುವ ಪಾಲಿಯುರಿಥೇನ್ ಸೀಲೆಂಟ್. ವೈರನ್ನು ಹಿಂದಿನ ಡೋರಿನ ರಬ್ಬರ್ ಬೀಡಿಂಗ್ ಒಳಗಿಂದ ಇಳಿಸಿದೆ. ಒಳಗೆ ಹೋಗುವ ಮೊದಲು ವೈರಿಗೆ ಸ್ವಲ್ಪ ಜೋಲು ಬಿಟ್ಟಿದ್ದೇನೆ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ ಅಂತ.

ನಿಜವಾದ ತಲೆನೋವು ಕಂಟ್ರೋಲರ್ ಆರಿಸುವುದು, ಅಂದರೆ ಪ್ಯಾನೆಲ್ಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಕೊಡುವ ಡಬ್ಬ. ಒಂದು ಪ್ಯಾನೆಲ್ 18 ವೋಲ್ಟ್ ಆಸುಪಾಸು ಕೊಡುತ್ತದೆ. ಎರಡನ್ನು ಸೀರೀಸಿನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿದರೆ 36. ಆದರೆ 48 ವೋಲ್ಟ್ ಬ್ಯಾಟರಿ ತುಂಬಬೇಕಾದರೆ 57-58 ವೋಲ್ಟ್ ಬೇಕು. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಂಪಿಪಿಟಿ (ಪ್ಯಾನೆಲ್ಲಿನಿಂದ ಆದಷ್ಟು ಪವರ್ ಹಿಂಡುವ) ಕಂಟ್ರೋಲರ್‌ಗಳು ವೋಲ್ಟೇಜ್ ಇಳಿಸುತ್ತವೆ, ಏರಿಸುವುದಿಲ್ಲ. ಹಾಗಾಗಿ ವೋಲ್ಟೇಜ್ ಏರಿಸುವ ಬೂಸ್ಟ್ ಎಂಪಿಪಿಟಿ ಅಂತಲೇ ಕೇಳಿ ತರಬೇಕು. ಸುಮ್ನೆ 48 ವೋಲ್ಟ್ ಅಂತ ಡಬ್ಬದ ಮೇಲೆ ಬರೆದಿದೆ ಅಂತ ತಂದರೆ ಒಂದು ಆಂಪಿಯರ್ ಕೂಡ ಬ್ಯಾಟರಿಗೆ ಹೋಗುವುದಿಲ್ಲ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಹಾಕುವುದಾದರೆ ಡಿಸಿಯದ್ದೇ, ಅಂದರೆ ಬ್ಯಾಟರಿ ಕರೆಂಟಿಗೆ ಆಗುವಂಥದ್ದೇ ಹಾಕಿ. ಮನೆಯ ಎಸಿ ಎಂಸಿಬಿಯಲ್ಲಿ ಡಿಸಿ ಕಿಡಿ ಬೇಗ ಆರುವುದಿಲ್ಲ.

ಮಧ್ಯಾಹ್ನ ವೈರಿಗೆ ಕ್ಲಾಂಪ್ ಮೀಟರ್ (ಕರೆಂಟ್ ಅಳೆಯುವ ಇಕ್ಕಳ) ಹಿಡಿದರೆ 2.8 ಆಂಪಿಯರ್ ತೋರಿಸುತ್ತದೆ, ಅಂದರೆ ಸುಮಾರು 145 ವ್ಯಾಟ್. ಹೊಂಗೆ ಮರದ ಒಂದು ಕೊಂಬೆಯ ನೆರಳು ಪ್ಯಾನೆಲ್ ಮೂಲೆಗೆ ಬಿದ್ದರೆ ಸಾಕು, ಅದು ದಬ್ ಅಂತ ಅರ್ಧಕ್ಕಿಳಿಯುತ್ತದೆ. ನೆರಳು ಬಿದ್ದಿದ್ದು ಅಂಗೈಯಷ್ಟು ಜಾಗಕ್ಕೇ ಇರಬಹುದು. ಸೆಲ್‌ಗಳೆಲ್ಲ ಸೀರೀಸಿನಲ್ಲಿ ಇರುವುದರಿಂದ ಒಂದಕ್ಕೆ ಬಿಸಿಲು ತಪ್ಪಿದರೆ ಅದರ ಸಾಲಿಗೇ ಪೆಟ್ಟು. ಕಾಗೆ ಪಿಕ್ಕೆಯದ್ದೂ ಇದೇ ಕಥೆ, ಬೆಳಿಗ್ಗೆ ಒದ್ದೆ ಬಟ್ಟೆ ಎಳೆಯಲೇಬೇಕು. ಈಗ ಎಲ್ಲರೂ ನೆರಳು ಹುಡುಕಿ ಗಾಡಿ ನಿಲ್ಲಿಸಿದರೆ ನಾನು ಬಿಸಿಲು ಹುಡುಕುತ್ತೇನೆ. ಸಂಜೆ ಬಾಗಿಲು ತೆಗೆದರೆ ಒಳಗೆ ಒಲೆಯೇ, ಅದೊಂದು ಕಷ್ಟ ಇದ್ದೇ ಇದೆ.

ಸಂಜೆ ಹೊತ್ತಿಗೆ ಬ್ಯಾಟರಿ ವೋಲ್ಟೇಜ್ ಬೆಳಿಗ್ಗೆಗಿಂತ ಮೇಲಿರುತ್ತದೆ. ನನಗೆ ಬೇಕಾಗಿದ್ದು ಅದೇ. ರಾತ್ರಿ ಮನೆಯಲ್ಲಿ ಪ್ಲಗ್ ಹಾಕುವ ಮುಂಚೆ ಸೋಲಾರ್ ಎಂಸಿಬಿ ಆಫ್ ಮಾಡುತ್ತೇನೆ.

ಟಾಟಾದ ಎಲೆಕ್ಟ್ರಿಕ್ ಕಾರು ನೆಕ್ಸಾನ್ ಇವಿ ಇಟ್ಟುಕೊಂಡ ಗೆಳೆಯರೊಬ್ಬರು ತಮಗೂ ಮಾಡಿಕೊಡಿ ಎಂದರು. ಬೇಡ ಎಂದೆ. ಅದರ ಬ್ಯಾಟರಿ ಪ್ಯಾಕ್ 300 ವೋಲ್ಟಿಗೂ ಜಾಸ್ತಿ, ಕಿತ್ತಳೆ ಬಣ್ಣದ ಆ ಕೇಬಲ್‌ಗಳಿಗೆ ನಾವು ಕೈ ಹಾಕುವಂತಿಲ್ಲ. ವಾರಂಟಿ ಬೇರೆ ಹೋಗುತ್ತದೆ. ಲಿಥಿಯಂ ಬ್ಯಾಟರಿಗೆ ಸಲ್ಫೇಟ್ ಕಾಟವೂ ಇಲ್ಲ. ಅದೇ ದುಡ್ಡಲ್ಲಿ ಮನೆ ತಾರಸಿ ಮೇಲೆ ದಕ್ಷಿಣಕ್ಕೆ ಓರೆಯಾಗಿ ಪ್ಯಾನೆಲ್ ಹಾಕಿಸಿ, ಅಲ್ಲಿಂದ ಚಾರ್ಜ್ ಮಾಡಿ, ಕಾರು ನೆರಳಲ್ಲಿ ನಿಲ್ಲಿಸಿ ಎಂದು ಹೇಳಿ ಕಳಿಸಿದೆ.