ಹೆಂಡತಿಗೆ ಕೀಮೋ ಶುರುವಾದರೆ: 21 ದಿನದ ಲೆಕ್ಕ ಇಟ್ಟುಕೊಳ್ಳಿ

ಕ್ಯಾನ್ಸರ್ ಎಂದು ಗೊತ್ತಾದ ವಾರ ಮನೆ ತುಂಬ ಜನ ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು: ‘ಏನಾದ್ರೂ ಬೇಕಿದ್ರೆ ಹೇಳಿ.’ ಮನಸಾರೆ ಹೇಳುವ ಮಾತೇ ಅದು. ಆದರೆ ಏನು ಬೇಕು ಅಂತ ಆ ಹೊತ್ತಿಗೆ ನಮಗೇ ತಿಳಿದಿರುವುದಿಲ್ಲ. ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಆದಾಗ ದಾರಿ ತೋರಿಸಿದವರು ಕೀಮೋ ವಾರ್ಡಿನ ಒಬ್ಬ ನರ್ಸ್. ‘ಒಂದು ಕ್ಯಾಲೆಂಡರ್ ತಗೊಳ್ಳಿ, ಕೀಮೋ ದಿನಕ್ಕೆ 1 ಅಂತ ಬರೆದು ಎಣಿಸ್ತಾ ಹೋಗಿ’ ಎಂದರು. ನಮ್ಮದು 21 ದಿನಕ್ಕೊಂದು ಕೀಮೋ. ಕೆಲವರಿಗೆ ವಾರಕ್ಕೊಂದು, ಕೆಲವರಿಗೆ 14 ದಿನಕ್ಕೊಂದು ಇರುತ್ತದೆ. ಎಷ್ಟೇ ಇರಲಿ, ಯಾವ ದಿನ ಮೈ ಹೇಗಿರುತ್ತದೆ ಎಂಬ ಲೆಕ್ಕ ಸಿಕ್ಕಿತೆಂದರೆ ಯಾರಿಗೆ ಯಾವ ಕೆಲಸ ಹೇಳಬೇಕು, ದೇವಸ್ಥಾನಕ್ಕೆ ಯಾವಾಗ ಹೋಗಬಹುದು ಎನ್ನುವುದೂ ಗೊತ್ತಾಗುತ್ತದೆ.

ಮೊದಲು ಫೈಲು, ದುಡ್ಡು

ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿಗೆ ಹಾಕಿ. ಫೋನಿನಲ್ಲಿ ಫೋಟೊ ಇರಲಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದಿಡಿ. ಡಾಕ್ಟರ ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಮೊದಲೇ ಕೇಳಿ. ಬೆಂಗಳೂರಿನ ಕಿದ್ವಾಯಿ 1973ರಿಂದ ನಡೆಯುತ್ತಿರುವ ಕ್ಯಾನ್ಸರ್ ಆಸ್ಪತ್ರೆ. ದೂರದ ಊರಿನವರು ಉಳಿದುಕೊಳ್ಳಲು ಅಲ್ಲಿ ಧರ್ಮಶಾಲೆ ಇದೆ. ಚಿಕಿತ್ಸೆಗೆಂದು ರೈಲಿನಲ್ಲಿ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ಟಿಕೆಟ್‌ನಲ್ಲಿ ರಿಯಾಯಿತಿ ಉಂಟು. ಅದಕ್ಕೆ ಆಸ್ಪತ್ರೆಯವರು ಫಾರಂ ತುಂಬಿ ಸಹಿ ಮಾಡಿಕೊಡಬೇಕು. ಈ ಕಾಗದದ ಕೆಲಸವನ್ನೆಲ್ಲ ಲೆಕ್ಕಪತ್ರ ಗೊತ್ತಿರುವ ಒಬ್ಬ ಗೆಳೆಯನಿಗೆ ಒಪ್ಪಿಸಿಬಿಡಿ. ನಮ್ಮ ಪರವಾಗಿ ಕೌಂಟರಿನಿಂದ ಕೌಂಟರಿಗೆ ಅಲೆದ ಗೆಳೆಯನ ಋಣ ನಾನು ತೀರಿಸಲಾರೆ.

ದಿನ 1ರಿಂದ 6: ಊಟದ ಸರದಿ

ಕೆಂಪು ಮದ್ದು ಎಂದು ಎಲ್ಲರೂ ಕರೆಯುವ ಡಾಕ್ಸೊರುಬಿಸಿನ್ ಕೊಟ್ಟಿದ್ದರೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ. ಅದು ಔಷಧಿಯ ಬಣ್ಣ, ಹೆದರಬೇಡಿ. ಮೊದಲ 48 ಗಂಟೆ ಟಾಯ್ಲೆಟ್ ಮುಚ್ಚಳ ಹಾಕಿ ಎರಡು ಸಲ ಫ್ಲಶ್ ಮಾಡಿ. ವಾಂತಿ ಒರೆಸುವಾಗ ಗ್ಲೌಸ್ ಇರಲಿ. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಡುವುದಲ್ಲ. ಡಾಕ್ಟರು ಬರೆದ ಹೊತ್ತಿಗೆ ಸರಿಯಾಗಿ ಕೊಡಬೇಕು. ಆ ಮಾತ್ರೆಯಿಂದ ಮಲಬದ್ಧತೆ ಆಗುವುದುಂಟು, ಅದಕ್ಕೂ ಔಷಧಿ ಕೇಳಿಟ್ಟುಕೊಳ್ಳಿ.

ಈ ದಿನಗಳಲ್ಲಿ ಒಗ್ಗರಣೆ ವಾಸನೆಯೇ ದೊಡ್ಡ ಶತ್ರು. ಸಾಸಿವೆ ಸಿಡಿದರೆ ಸಾಕು, ನನ್ನ ಹೆಂಡತಿ ಸೆರಗು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಹಾಗಾಗಿ ಅಡುಗೆ ನಮ್ಮ ಮನೆಯಲ್ಲಿ ಬೇಡ ಎಂದು ತೀರ್ಮಾನಿಸಿದೆವು. ಅವಳ ಭಜನಾ ಮಂಡಳಿಯ ಗೆಳತಿಯರು ವಾಟ್ಸ್ಯಾಪ್ ಗುಂಪು ಮಾಡಿ ಸರದಿ ಹಾಕಿಕೊಂಡರು. ಅವರಿಗೆ ನಾನು ಕೊಟ್ಟ ಚೀಟಿ ಹೀಗಿತ್ತು: ಖಾರ, ಎಣ್ಣೆ ಕಡಿಮೆ. ಆಗಷ್ಟೇ ಮಾಡಿದ ಅಡುಗೆ, ಪುಟ್ಟ ಡಬ್ಬಿ. ರಾಗಿ ಗಂಜಿ, ಮೆತ್ತಗಿನ ಪೊಂಗಲ್, ಇಡ್ಲಿ, ತೊವ್ವೆ. ಬಿಸಿ ಆರಿದ ಮೇಲೆ ವಾಸನೆ ಕಡಿಮೆ, ಆಗ ನಾಲ್ಕು ತುತ್ತು ಒಳಗೆ ಹೋಗುತ್ತಿತ್ತು. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಬಾಯೆಲ್ಲ ಕಬ್ಬಿಣದ ರುಚಿ ಎಂದರೆ ಸ್ಟೀಲ್ ಚಮಚ ಬಿಟ್ಟು ಮರದ ಚಮಚ ಬಳಸಿ.

‘ತಿನ್ನು, ತಿನ್ನು’ ಎಂದು ಬಲವಂತ ಮಾಡಬೇಡಿ. ನೀರು ಒಳಗೆ ಹೋಗುತ್ತಿದೆಯಾ ನೋಡಿ. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ.

ದಿನ 7ರಿಂದ 14: ಬಾಗಿಲು ಮುಚ್ಚಿ

ಇದು ಎಲ್ಲಕ್ಕಿಂತ ಜೋಪಾನವಾಗಿರಬೇಕಾದ ಸಮಯ. ಮದ್ದಿನಿಂದಾಗಿ ಬಿಳಿ ರಕ್ತಕಣಗಳು ತೀರಾ ಇಳಿದಿರುತ್ತವೆ. ನಮಗೆ ನೆಗಡಿ ಆಗಿ ಹೋಗುವ ಸೋಂಕು ಅವರ ಪ್ರಾಣಕ್ಕೇ ಬರಬಹುದು. ಥರ್ಮಾಮೀಟರ್ ಕೈಗೆ ಸಿಗುವ ಹಾಗಿರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿ ಆದರೂ ಹೊರಡಿ. ಬೆಳಗಾಗಲಿ ನೋಡೋಣ ಎನ್ನಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮರೆಯಾಗುತ್ತದೆ, ಸೋಂಕು ಹಾಗೇ ಉಳಿಯುತ್ತದೆ. ಎಮರ್ಜೆನ್ಸಿಯಲ್ಲಿ ಮೊದಲ ಮಾತೇ ‘ಕೀಮೋ ನಡೀತಿದೆ, ಇವತ್ತು ಇಷ್ಟನೇ ದಿನ’ ಎಂದಿರಲಿ. ಕಾರಿರುವ ಗೆಳೆಯರಲ್ಲಿ ಇಬ್ಬರ ಹೆಸರನ್ನು ಕ್ಯಾಲೆಂಡರಿನಲ್ಲಿ ಬರೆದುಬಿಡಿ. ರಾತ್ರಿ ಫೋನ್ ಬಂದರೆ ಎದ್ದು ಬರುವುದು ಅವರ ಪಾಲಿನ ಕೆಲಸ.

ಈ ವಾರ ನೋಡಲು ಬರುವವರನ್ನು ಪ್ರೀತಿಯಿಂದಲೇ ತಡೆಯಿರಿ. ಹಾಲು, ತರಕಾರಿ, ಔಷಧಿ ತಂದು ಗೇಟಿನಲ್ಲಿ ಇಟ್ಟು ಹೋಗಲಿ. ಕರೆಂಟ್ ಬಿಲ್ ಕಟ್ಟಲಿ. ಮಕ್ಕಳಿದ್ದರೆ ಹೋಂವರ್ಕ್ ಮಾಡಿಸಲಿ. ರಕ್ತ ಕೊಡಲು ಸಿದ್ಧ ಇರುವವರ ಗುಂಪು, ಫೋನ್ ನಂಬರ್ ಒಂದು ಹಾಳೆಯಲ್ಲಿರಲಿ. ಪ್ಲೇಟ್‌ಲೆಟ್ ಕೆಡದೆ ಉಳಿಯುವುದು ಐದು ದಿನ ಮಾತ್ರ, ಹಾಗಾಗಿ ಬೇಕಾದಾಗ ದಾನಿಯೇ ಬರಬೇಕಾಗಬಹುದು.

ದೇವರ ಕೆಲಸ ಯಾವಾಗ, ಹೇಗೆ

ನಂಬಿಕೆ ಇಲ್ಲದಿದ್ದರೆ ಆ ತಿಂಗಳುಗಳನ್ನು ನಾವು ದಾಟುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಮದ್ದು ಹನಿಹನಿಯಾಗಿ ಇಳಿಯುವಾಗ ಇಬ್ಬರೂ ಒಂದೊಂದು ಇಯರ್‌ಫೋನ್ ಹಾಕಿಕೊಂಡು ದಾಸರ ಪದ ಕೇಳುತ್ತಿದ್ದೆವು. ಅವಳ ಹೆಬ್ಬೆರಳು ನನ್ನ ಮುಂಗೈ ಮೇಲೆ ತಾಳ ಹಾಕುತ್ತಿತ್ತು.

ಆದರೆ ದೇವರ ಹೆಸರಿನಲ್ಲಿ ಮೈಗೆ ಅಪಾಯ ತರಬಾರದು. 7ರಿಂದ 14ನೇ ದಿನದೊಳಗೆ ಜಾತ್ರೆ, ಮದುವೆ ಮನೆ, ರಶ್ ಇರುವ ದೇವಸ್ಥಾನ ಬೇಡ. ಕಾಯಿಸದ ಹಾಲಿನ ಪಂಚಾಮೃತ ಬೇಡ. ತೀರ್ಥವನ್ನು ಕಣ್ಣಿಗೆ ಒತ್ತಿಕೊಂಡರೆ ಸಾಕು. ಸೋಮವಾರ, ಏಕಾದಶಿ ಉಪವಾಸವನ್ನು ಚಿಕಿತ್ಸೆ ಮುಗಿಯುವವರೆಗೆ ನಿಲ್ಲಿಸಿ. ರಂಜಾನ್ ಉಪವಾಸದಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇದೆ ಅಲ್ವಾ? ಹರಕೆ ಇದ್ದರೆ ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದೆ ಇಡಿ, ಎಲ್ಲ ಮುಗಿದ ಮೇಲೆ ಹೋಗಿ ಒಪ್ಪಿಸಿ. 15ನೇ ದಿನ ದಾಟಿ ರಕ್ತಪರೀಕ್ಷೆ ಚೆನ್ನಾಗಿ ಬಂದಿದ್ದರೆ, ಜನ ಕಡಿಮೆ ಇರುವ ಬೆಳಗಿನ ಹೊತ್ತು ಹತ್ತಿರದ ಗುಡಿಗೆ ಹೋಗಿಬನ್ನಿ. ನೋಡಬೇಕೆನ್ನುವ ನೆಂಟರನ್ನೂ ಆ ವಾರವೇ ಕರೆಯಿರಿ.

ಯಾರೋ ಕೊಟ್ಟ ಬೇರಿನ ಕಷಾಯವನ್ನು ಡಾಕ್ಟರಿಗೆ ಹೇಳದೆ ಕುಡಿಸಬೇಡಿ. ಕೆಲವು ಗಿಡಮೂಲಿಕೆಗಳು ಕೀಮೋ ಮದ್ದಿನ ಕೆಲಸವನ್ನೇ ಕೆಡಿಸುತ್ತವೆ. ‘ಹಿಂದಿನ ಜನ್ಮದ ಕರ್ಮ’ ಎನ್ನುವವರನ್ನು ಬಾಗಿಲಲ್ಲೇ ತಡೆಯಿರಿ. ಹಾಸಿಗೆ ಹಿಡಿದವರ ಕಿವಿಗೆ ಆ ಮಾತು ಬೀಳಬಾರದು.

ಕೂದಲು ಸಾಮಾನ್ಯವಾಗಿ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರುತ್ತದೆ. ದಿಂಬಿನ ಮೇಲೆ ಹಿಡಿಹಿಡಿ ಕೂದಲು ನೋಡುವ ಮೊದಲೇ ತೆಗೆಸಿಬಿಡಬೇಕೆಂದು ಅವಳೇ ಹೇಳಿದಳು. ‘ದೇವರಿಗೆ ಮುಡಿ ಕೊಟ್ಟೆ ಅಂದುಕೊಳ್ತೀನಿ’ ಎಂದಳು. ಗೆಳತಿಯರು ಬಂದು ಸುತ್ತ ಕೂತರು. ಈ ತೀರ್ಮಾನ ಪೂರ್ತಿ ಹೆಂಡತಿಯದ್ದೇ ಆಗಿರಲಿ, ನೀವು ಅವಸರ ಮಾಡಬೇಡಿ.

ನಿಮ್ಮ ಪಾಲಿನ ಎರಡು ಗಂಟೆ

ವಾರಕ್ಕೆ ಒಂದು ದಿನ, ಎರಡು ಗಂಟೆ, ಅವರ ಪಕ್ಕ ಬೇರೆ ಯಾರಾದರೂ ಕೂರಲಿ. ನೀವು ಹೊರಗೆ ಹೋಗಿ. ನಡೆಯಿರಿ, ಅಳಬೇಕೆನಿಸಿದರೆ ಗೆಳೆಯನ ಎದುರು ಅತ್ತುಬಿಡಿ. ನಿಮ್ಮ ಬಿಪಿ, ಶುಗರ್ ಮಾತ್ರೆ ತಪ್ಪಿಸಬೇಡಿ. ನಿದ್ದೆ ಹತ್ತದ ರಾತ್ರಿಗಳು ಜಾಸ್ತಿಯಾದರೆ ಆಸ್ಪತ್ರೆಯ ಕೌನ್ಸೆಲರ್ ಹತ್ತಿರ ನೀವೂ ಮಾತಾಡಿ.

ಕೊನೆಯ ಕೀಮೋ ಆದ ಮೇಲೆ

‘ಮುಗೀತಲ್ಲ’ ಎಂದು ಜನ ನಿಧಾನವಾಗಿ ಬರುವುದು ಬಿಡುತ್ತಾರೆ. ಸುಸ್ತು ಮಾತ್ರ ತಿಂಗಳುಗಟ್ಟಲೆ ಇರುತ್ತದೆ. ರೇಡಿಯೇಷನ್ ಬಾಕಿ ಇರಬಹುದು. ಕೆಲವರಿಗೆ ಹಾರ್ಮೋನ್ ಮಾತ್ರೆ ಐದು ವರ್ಷ, ಅದಕ್ಕೂ ಜಾಸ್ತಿ ಇರುತ್ತದೆ. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದಿದ್ದರೆ ಆ ಕಡೆಯ ಕೈಗೆ ಇಂಜೆಕ್ಷನ್, ಬಿಪಿ ಪಟ್ಟಿ ಬೇಡ ಎಂದು ಪ್ರತಿ ಸಲವೂ ಹೇಳಬೇಕು. ಹಾಗಾಗಿ ಗೆಳೆಯರ ಗುಂಪನ್ನು ಮುಚ್ಚಬೇಡಿ. ಊಟದ ಸರದಿ ವಾರಕ್ಕೊಂದು ದಿನ ಮುಂದುವರಿಯಲಿ, ಮುಂದಿನ ಚೆಕಪ್ ತಾರೀಖನ್ನು ಈಗಲೇ ಗುಂಪಿನಲ್ಲಿ ಹಾಕಿ, ಅವತ್ತು ಜೊತೆಗೆ ಯಾರು ಬರುತ್ತೀರಿ ಎಂದು ಕೇಳಿ.